ಕಪ್ಪು ಗೆರೆಯ ಕೆಳಗಿನ ಹೆಸರು

ಜೈಲಿನ ಭೇಟಿ ಕೋಣೆಯಲ್ಲಿ ಕಕ್ಷಿದಾರ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಜಾಮೀನಿನದ್ದಲ್ಲ. "ಸಾರ್, ಪೊಲೀಸರಿಗೆ ಹೇಳಿಕೊಟ್ಟಿದ್ದು ಯಾರು ಅಂತ ಮೊದಲು ತಿಳ್ಕೊಂಡು ಹೇಳಿ. ಉಳಿದದ್ದೆಲ್ಲ ಆಮೇಲೆ."

ನಾನು ವಕೀಲಿಕೆಗೆ ಬಂದು ಆಗ ನಾಲ್ಕನೇ ವರ್ಷ. "ಆಯ್ತು, ನೋಡೋಣ" ಎಂದುಬಿಟ್ಟೆ. ಅಷ್ಟು ಸುಲಭವಾಗಿ ಒಪ್ಪಿಕೊಳ್ಳಬಾರದಿತ್ತು.

ಕೇಸು 2021ರದ್ದು. ಊರು ಹೇಳುವುದಿಲ್ಲ, ಕೆಲವು ಅಂಕಿಗಳನ್ನೂ ಬದಲಿಸಿದ್ದೇನೆ. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ. ಇಬ್ಬರು ಹುಡುಗರು ಸೇರಿ ಬಾಡಿಗೆಗೆ ಹಿಡಿದಿದ್ದ ಮನೆ. ರಾತ್ರಿ 7.40ಕ್ಕೆ ದಾಳಿ. ಮಂಚದ ಕೆಳಗೆ ಒಂದು ಚೀಲ, ಚೀಲದಲ್ಲಿ 22 ಕಿಲೋ ಚಿಲ್ಲರೆ ಗಾಂಜಾ. ಸಿಕ್ಕಿಬಿದ್ದವನು ನನ್ನ ಕಕ್ಷಿದಾರ ಒಬ್ಬನೇ. ಜೊತೆಗಾರ ಅವತ್ತು ಮಧ್ಯಾಹ್ನವೇ ಹೊರಗೆ ಹೋಗಿದ್ದ.

ಗಾಂಜಾ ಕೇಸಿನಲ್ಲಿ 20 ಕಿಲೋ ಅನ್ನುವುದು ಒಂದು ಗಡಿ. ಅದನ್ನು ದಾಟಿದರೆ 'ವಾಣಿಜ್ಯ ಪ್ರಮಾಣ'. ಶಿಕ್ಷೆ ಕನಿಷ್ಠ 10 ವರ್ಷ, 20ರವರೆಗೂ ಹೋಗಬಹುದು. ಜಾಮೀನಿಗೆ ಎನ್‌ಡಿಪಿಎಸ್ ಕಾಯ್ದೆಯ, ಅಂದರೆ ಮಾದಕವಸ್ತು ತಡೆ ಕಾಯ್ದೆಯ, 37ನೇ ಕಲಂ ಅಡ್ಡ ನಿಲ್ಲುತ್ತದೆ. ಈತ ತಪ್ಪು ಮಾಡಿಲ್ಲ ಎಂದು ನಂಬಲು ಕಾರಣವಿದೆ ಅಂತ ನ್ಯಾಯಾಧೀಶರಿಗೇ ಅನ್ನಿಸಬೇಕು. ವಿಚಾರಣೆ ಶುರುವಾಗುವ ಮೊದಲೇ ಹಾಗೆ ಅನ್ನಿಸುವುದು ಎಷ್ಟು ಕಷ್ಟ, ಅಲ್ವಾ? ನಮ್ಮ ಅರ್ಜಿ ಎರಡು ಕಡೆ ವಜಾ ಆಯಿತು. ಹುಡುಗ ಒಳಗೇ ಉಳಿದ.

ಅವನು ಹೇಳುವ ಕಥೆ ಇಷ್ಟೇ: ಚೀಲ ಜೊತೆಗಾರನದ್ದು. ಬೆಳಿಗ್ಗೆ ತಂದಿಟ್ಟ, ಮಧ್ಯಾಹ್ನ ಜಾಗ ಖಾಲಿ ಮಾಡಿದ, ಸಂಜೆ ತಾನೇ ಪೊಲೀಸರಿಗೆ ಫೋನ್ ಮಾಡಿದ. ಬಾಡಿಗೆ ದುಡ್ಡಿನ ವಿಚಾರಕ್ಕೆ ಇಬ್ಬರಿಗೂ ಜಗಳವಾಗಿತ್ತಂತೆ. ಪೊಲೀಸರು ಜೊತೆಗಾರನನ್ನು ಆರೋಪಿ ಮಾಡಿರಲಿಲ್ಲ, ಸಾಕ್ಷಿಯನ್ನೂ ಮಾಡಿರಲಿಲ್ಲ. ಚಾರ್ಜ್‌ಶೀಟಿನಲ್ಲಿ ಅವನ ಹೆಸರು ಬಾಡಿಗೆ ಕರಾರಿನ ನಕಲಿನಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ. ಇದರಿಂದ ಕಕ್ಷಿದಾರನ ಅನುಮಾನ ಇನ್ನೂ ಗಟ್ಟಿಯಾಗಿತ್ತು.

ಚಾರ್ಜ್‌ಶೀಟಿನ ಮೊದಲ ಸಾಲು ಎಲ್ಲ ಕೇಸುಗಳಲ್ಲೂ ಇರುವಂಥದ್ದೇ. "ಪಿರ್ಯಾದಿದಾರರು ಠಾಣೆಯಲ್ಲಿದ್ದಾಗ ಸಂಜೆ 4.30 ಗಂಟೆಗೆ ಬಾತ್ಮೀದಾರರಿಂದ ಖಚಿತ ಬಾತ್ಮಿ ಬಂದ ಮೇರೆಗೆ..." ಬಾತ್ಮಿ ಅಂದರೆ ಗುಟ್ಟಾಗಿ ಬಂದ ಸುಳಿವು, ಬಾತ್ಮೀದಾರ ಅಂದರೆ ಅದನ್ನು ಕೊಟ್ಟವನು. ಈ ಸಾಲನ್ನು ಎಷ್ಟು ಕೇಸುಗಳಲ್ಲಿ ಓದಿದ್ದೇನೋ. ಯಾವ ಬಾತ್ಮೀದಾರ, ಹೇಗೆ ಬಂತು ಬಾತ್ಮಿ, ಎಷ್ಟು ಖಚಿತ, ಒಂದೂ ಇರುವುದಿಲ್ಲ.

ಕೇಸ್ ಡೈರಿ ತರಿಸಿ ನೋಡೋಣ ಅಂದರೆ ಅದು ಆರೋಪಿಗೆ ಸಿಗುವ ವಸ್ತುವಲ್ಲ. ಕೋರ್ಟು ತನ್ನ ಅನುಕೂಲಕ್ಕೆ ನೋಡಬಹುದು, ನಾವು ಕೇಳುವಂತಿಲ್ಲ. ಉಳಿದದ್ದು ಪಾಟಿ ಸವಾಲು, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ನಾವು ಪ್ರಶ್ನಿಸುವುದು. ಅಲ್ಲಿ ನಾನು ಮಾಡಿದ ಎಡವಟ್ಟನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ದಾಳಿ ಮಾಡಿದ ಪಿಎಸ್ಐ, ಅಂದರೆ ಚಾರ್ಜ್‌ಶೀಟಿನ ಆ 'ಪಿರ್ಯಾದಿದಾರರು', ಕಟಕಟೆಯಲ್ಲಿದ್ದರು. ನಾನು ಎದ್ದವನೇ ಕೇಳಿದೆ: "ನಿಮಗೆ ಬಾತ್ಮಿ ಕೊಟ್ಟವರು ಯಾರು?"

ಸರ್ಕಾರಿ ವಕೀಲರು ಪೂರ್ತಿ ಎದ್ದು ನಿಲ್ಲುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. ಅರ್ಧ ಎದ್ದು, "125, ಸ್ವಾಮಿ" ಎಂದು ಕೂತರು. ನ್ಯಾಯಾಧೀಶರು ನನ್ನ ಕಡೆ ನೋಡಿದರು. ಟೈಪ್ ಮಾಡುತ್ತಿದ್ದವರು ಬರೆದುಕೊಂಡರು: 'ಬಾತ್ಮೀದಾರರ ಹೆಸರನ್ನು ಹೇಳಲು ಸಾಕ್ಷಿ ನಿರಾಕರಿಸುತ್ತಾರೆ.' ನಾನು ಇನ್ನೊಂದು ರೀತಿಯಲ್ಲಿ ಕೇಳಿದೆ. "ಬಾತ್ಮಿ ಕೊಟ್ಟಿದ್ದು ಈ ಮನೆಯ ಇನ್ನೊಬ್ಬ ಬಾಡಿಗೆದಾರನೇ ಎಂದರೆ ಸರಿಯೇ?" ಪಿಎಸ್ಐ ಸರ್ಕಾರಿ ವಕೀಲರ ಮುಖ ನೋಡಿದರು. "ಹೇಳಲು ಬರುವುದಿಲ್ಲ" ಎಂದರು. ಹೌದು ಅಂತಲೂ ಇಲ್ಲ, ಅಲ್ಲ ಅಂತಲೂ ಇಲ್ಲ. ಆಗ ಅದು ಕಳ್ಳ ಉತ್ತರ ಅನ್ನಿಸಿತು. ಅದರಲ್ಲಿ ಎಷ್ಟು ಎಚ್ಚರ ಇತ್ತು ಅಂತ ಅರ್ಥವಾಗಿದ್ದು ವರ್ಷದ ಮೇಲೆ.

ಅವತ್ತು ಸಂಜೆ ಸೀನಿಯರ್ ನನ್ನನ್ನು ಬೈಯಲಿಲ್ಲ. ಕಪಾಟಿನಿಂದ ಪುಸ್ತಕ ತೆಗೆದು, 1872ರ ಸಾಕ್ಷ್ಯ ಅಧಿನಿಯಮದ 125ನೇ ಕಲಂ ತೆರೆದು ಮುಂದಿಟ್ಟರು. "ಗಟ್ಟಿಯಾಗಿ ಓದು" ಎಂದರು. ಓದಿದೆ. ಅಪರಾಧದ ಬಗೆಗಿನ ಮಾಹಿತಿ ತನಗೆ ಎಲ್ಲಿಂದ ಬಂತು ಎಂದು ಹೇಳುವಂತೆ ಯಾವ ಮ್ಯಾಜಿಸ್ಟ್ರೇಟರನ್ನಾಗಲಿ ಪೊಲೀಸ್ ಅಧಿಕಾರಿಯನ್ನಾಗಲಿ ಬಲವಂತ ಮಾಡುವಂತಿಲ್ಲ. ಇದೇ ಮಾತು ಎನ್‌ಡಿಪಿಎಸ್ ಕಾಯ್ದೆಯ 68ನೇ ಕಲಮಿನಲ್ಲೂ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಈ 125 ಈಗ 131 ಆಗಿದೆ. ನಮ್ಮದು ಹಳೇ ಕೇಸು, ಹಾಗಾಗಿ ನಮಗೆ ಕೊನೆಯವರೆಗೂ 125.

"ಏನು ಕೇಳಬಾರದು ಅಂತ ಇದೆ?"

"ಯಾರು ಹೇಳಿದ್ದು ಅಂತ."

"ಕಲಮಿನಲ್ಲಿ ಇರೋದು 'ಎಲ್ಲಿಂದ'. ಯಾವಾಗ ಬಂತು ಅಂತ ಕೇಳಬಾರದು ಅಂತ ಇದೆಯಾ? ಏನು ಹೇಳಿದರು ಅಂತ? ಎಲ್ಲಿ ಬರೆದುಕೊಂಡೆ, ಯಾರಿಗೆ ಕಳಿಸಿದೆ ಅಂತ?"

ಇರಲಿಲ್ಲ. ಇಡೀ ಕಲಂ ಕಾಯುತ್ತಿರುವುದು ಒಂದೇ ಒಂದು ಪದವನ್ನು. ಬಾತ್ಮೀದಾರನ ಸುತ್ತ ಇರುವ ಬೇಲಿ ಅಷ್ಟೇ ಅಗಲ. ನಾವು ವಕೀಲರು 125 ಅಂತ ಕೇಳಿದ ಕೂಡಲೇ ಬಾತ್ಮಿಗೆ ಸಂಬಂಧಿಸಿದ ಎಲ್ಲವೂ ಗುಟ್ಟು ಅಂದುಕೊಂಡು ಕೂತುಬಿಡುತ್ತೇವೆ. ಪೊಲೀಸರಿಗೂ ನಾವು ಹಾಗೆ ಅಂದುಕೊಳ್ಳುವುದೇ ಬೇಕು.

ಗುಟ್ಟಿಗೆ ಕಾರಣ ಇಲ್ಲದಿಲ್ಲ. ಹೆಸರು ಹೊರಬಂದರೆ ಆ ವ್ಯಕ್ತಿಯ ಜೀವಕ್ಕೆ ಅಪಾಯ, ನಾಳೆ ಇನ್ನೊಬ್ಬ ಬಾಯಿ ಬಿಡುವುದಿಲ್ಲ. ಆದರೆ ಇಂಗ್ಲೆಂಡಿನಲ್ಲಿ 1890ರಷ್ಟು ಹಿಂದೆಯೇ, ಮಾರ್ಕ್ಸ್ ವಿರುದ್ಧ ಬೇಫಸ್ ಎಂಬ ತೀರ್ಪಿನಲ್ಲಿ ಒಂದು ಅಪವಾದ ಹೇಳಿದ್ದಾರೆ. ಕಟಕಟೆಯಲ್ಲಿರುವವನು ನಿರಪರಾಧಿ ಎಂದು ತೋರಿಸಲು ಆ ಹೆಸರು ಬೇಕೇಬೇಕು ಅಂತ ನ್ಯಾಯಾಧೀಶರಿಗೆ ಅನ್ನಿಸಿದರೆ ಗುಟ್ಟು ಬಿಟ್ಟುಕೊಡಬೇಕು. ಅಮೆರಿಕದ ಸುಪ್ರೀಂ ಕೋರ್ಟು 1957ರಲ್ಲಿ ರೊವಿಯಾರೊ ಕೇಸಿನಲ್ಲಿ ಇನ್ನೂ ಸ್ಪಷ್ಟವಾಗಿ ನಡೆದುಕೊಂಡಿತು. ಅಲ್ಲಿ ಬಾತ್ಮೀದಾರ ಸುಮ್ನೆ ಫೋನ್ ಮಾಡಿ ಮನೆಯಲ್ಲಿ ಕೂತವನಲ್ಲ. ಆರೋಪಿಯಿಂದ ಹೆರಾಯಿನ್ ತೆಗೆದುಕೊಂಡವನೇ ಅವನು. ಅಂಥವನ ಹೆಸರು ಮುಚ್ಚಿಟ್ಟರೆ ಆರೋಪಿ ತನ್ನ ಪರವಾಗಿ ಏನು ತಾನೇ ಹೇಳಿಕೊಳ್ಳಲು ಸಾಧ್ಯ? ಹೇಳಿ ದೂರ ಸರಿದವನು ಬೇರೆ, ಕೈ ಹಾಕಿ ನಿಂತವನು ಬೇರೆ. ನಮ್ಮ 125ರಲ್ಲಿ ಈ ಅಪವಾದ ಬರೆದಿಲ್ಲ. ಆದರೆ ವಾದ ಮಾಡಬಾರದು ಅಂತೇನೂ ಇಲ್ಲವಲ್ಲ.

ನನ್ನ ಕಕ್ಷಿದಾರನ ಕಥೆ ನಿಜವಾಗಿದ್ದರೆ ನಮ್ಮದು ಎರಡನೇ ಬಗೆಯ ಕೇಸು. ಚೀಲ ಇಟ್ಟವನೇ ಬಾತ್ಮೀದಾರ. ಹಾಗಾಗಿ ಎರಡು ದಾರಿ ಹಿಡಿದೆವು. ಒಂದು, ಹೆಸರೇ ಬೇಕು ಅನ್ನುವ ದಾರಿ. ಇನ್ನೊಂದು, ಹೆಸರನ್ನು ಮುಟ್ಟದೆ ಅದರ ಸುತ್ತಲಿನ ಕಾಗದವನ್ನೆಲ್ಲ ಕೇಳುವ ದಾರಿ. ಸೀನಿಯರ್‌ಗೆ ಎರಡನೆಯದರ ಮೇಲೆಯೇ ನಂಬಿಕೆ ಜಾಸ್ತಿ.

ಎನ್‌ಡಿಪಿಎಸ್ ಕಾಯ್ದೆಯ 42ನೇ ಕಲಂ ಹೇಳುವುದು ಹೀಗೆ. ಮನೆಯಂಥ ಖಾಸಗಿ ಜಾಗದ ಬಗ್ಗೆ ಬಾತ್ಮಿ ಬಂದರೆ ಅಧಿಕಾರಿ ಅದನ್ನು ಬರೆದುಕೊಳ್ಳಬೇಕು. ಬರೆದದ್ದರ ನಕಲನ್ನು 72 ಗಂಟೆಯೊಳಗೆ ಮೇಲಧಿಕಾರಿಗೆ ಕಳಿಸಬೇಕು. ಸೂರ್ಯ ಮುಳುಗಿದ ಮೇಲೆ ವಾರಂಟ್ ಇಲ್ಲದೆ ಒಳಗೆ ಹೋಗುವುದಾದರೆ, ವಾರಂಟಿಗೆ ಕಾಯುತ್ತಾ ಕೂತರೆ ಮಾಲು ಕೈತಪ್ಪುತ್ತದೆ ಅಂತ ತನಗೆ ಯಾಕೆ ಅನ್ನಿಸಿತು ಎಂದೂ ಬರೆದಿಡಬೇಕು. 2009ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕರ್ನೈಲ್ ಸಿಂಗ್ ಕೇಸಿನಲ್ಲಿ ಇದಕ್ಕೆ ಸ್ವಲ್ಪ ಸಡಿಲ ಕೊಟ್ಟಿತು: ತಡವಾದರೆ ಪರವಾಗಿಲ್ಲ, ಕಾರಣ ಹೇಳಿ, ಆದರೆ ಪೂರ್ತಿ ಪಾಲಿಸದೇ ಇರುವುದು ನಡೆಯುವುದಿಲ್ಲ. ಇದೇ ದಾಳಿ ಬಸ್ ಸ್ಟ್ಯಾಂಡಿನಲ್ಲಿ ನಡೆದಿದ್ದರೆ 43ನೇ ಕಲಂ ಬರುತ್ತಿತ್ತು, ಈ ಬರವಣಿಗೆಯ ಕಾಟ ಇರುತ್ತಿರಲಿಲ್ಲ. ನಮ್ಮದು ಮನೆ. ಅದೂ ಕತ್ತಲಾದ ಮೇಲೆ.

ದಾಖಲೆ ತರಿಸಿ ಅಂತ ಕೋರ್ಟನ್ನು ಕೇಳಲು ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 91ರ ಕೆಳಗೆ ಅರ್ಜಿ ಹಾಕಿದೆವು. ಬಾತ್ಮಿ ಬರೆದುಕೊಂಡ ಹಾಳೆ, ಠಾಣೆಯಿಂದ ಹೋದ ಕಾಗದಗಳ ಜಾವಕ ರಿಜಿಸ್ಟರು, ಸರ್ಕಲ್ ಕಚೇರಿಗೆ ಬಂದ ಕಾಗದಗಳ ಆವಕ ರಿಜಿಸ್ಟರು, ಮತ್ತೆ ಅವತ್ತಿನ ಪಿಎಸ್ಐ ಮೊಬೈಲಿನ ಟವರ್ ಲೊಕೇಶನ್. ಕೊನೆಯದಕ್ಕೆ ಸರ್ಕಾರಿ ವಕೀಲರು ಸಿಟ್ಟಾದರು. ಲೊಕೇಶನ್ ಇರುವ ಕಾಲ್ ಪಟ್ಟಿ ಕೊಟ್ಟರೆ ಬಾತ್ಮೀದಾರನ ನಂಬರ್ ಕೊಟ್ಟ ಹಾಗೇ ಅಲ್ವಾ ಎಂದರು. ನ್ಯಾಯವಾದ ಮಾತೇ. ಆದರೆ ಇಂಥದ್ದೇ ಒಂದು ಮಾದಕವಸ್ತು ಕೇಸಿನಲ್ಲಿ ಸುಪ್ರೀಂ ಕೋರ್ಟು ನಡುದಾರಿ ಹುಡುಕಿತ್ತು: ಲೊಕೇಶನ್ ಬರಲಿ, ಮಾತಾಡಿದವರ ನಂಬರುಗಳನ್ನು ಮಸಿ ಬಳಿದು ಮುಚ್ಚಿ. ನಮಗೂ ಅಷ್ಟೇ ಸಾಕಿತ್ತು. ಮೊಬೈಲ್ ಕಂಪನಿಗಳು ಈ ದಾಖಲೆಗಳನ್ನು ಸದಾಕಾಲ ಇಟ್ಟುಕೊಳ್ಳುವುದಿಲ್ಲ. ಪುಣ್ಯಕ್ಕೆ, ಅವನ್ನು ಅಳಿಸದೆ ಉಳಿಸಿ ಅಂತ ಜಾಮೀನಿನ ಹಂತದಲ್ಲೇ ಸೀನಿಯರ್ ಒಂದು ಅರ್ಜಿ ಹಾಕಿಸಿದ್ದರು. ಆಗ ನನಗೆ ಅದು ಸುಮ್ಮನೆ ಕಾಗದ ಖರ್ಚು ಅನ್ನಿಸಿತ್ತು.

ಕೋರ್ಟು ಅರ್ಜಿ ಒಪ್ಪಿತು. ಷರತ್ತು ಒಂದೇ: ಬಾತ್ಮೀದಾರರ ಗುರುತು ಸಿಗುವ ಭಾಗವನ್ನು ಮರೆಮಾಡಿ ಕೊಡಬೇಕು.

ಕಾಗದಗಳು ಬಂದವು. ಟವರ್ ಲೊಕೇಶನ್ ನೋಡಿದರೆ 4.30ಕ್ಕೆ ಪಿಎಸ್ಐ ಸಾಹೇಬರ ಫೋನು ಠಾಣೆಯಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿತ್ತು. ಫೋನು ಒಂದು ಕಡೆ, ಮನುಷ್ಯ ಇನ್ನೊಂದು ಕಡೆ ಇರಬಾರದು ಅಂತೇನಿಲ್ಲ. ಜಾವಕ ರಿಜಿಸ್ಟರು ನನಗೆ ಇನ್ನೂ ಇಷ್ಟವಾಯಿತು. 411, 412, 413 ಎಂದು ಒಂದೇ ಕೈಬರಹದಲ್ಲಿ, ಒಂದೇ ನೀಲಿ ಪೆನ್ನಿನಲ್ಲಿ ಸಾಲಾಗಿ ಇಳಿದ ನಂಬರುಗಳು. 412 ಮತ್ತು 413ರ ನಡುವೆ, ಗೆರೆಯ ಮೇಲೂ ಅಲ್ಲದೆ ಕೆಳಗೂ ಅಲ್ಲದೆ, ಇರುಕಿಸಿ ಬರೆದ ಸಣ್ಣ ಅಕ್ಷರ: '412ಎ - ಸಿಪಿಐ ರವರಿಗೆ ಬಾತ್ಮಿ ವರದಿ'. ಸಿಪಿಐ ಅಂದರೆ ಮೇಲಧಿಕಾರಿಯಾದ ಸರ್ಕಲ್ ಇನ್‌ಸ್ಪೆಕ್ಟರ್. ಅವರ ಸರ್ಕಲ್ ಕಚೇರಿಯ ಆವಕ ರಿಜಿಸ್ಟರಿನಲ್ಲಿ 412 ಇತ್ತು, 413 ಇತ್ತು. 412ಎ ಅಲ್ಲಿಗೆ ತಲುಪಿಯೇ ಇರಲಿಲ್ಲ. ಸೀನಿಯರ್ ಅದನ್ನು ಭೂತಗನ್ನಡಿಯಲ್ಲಿ ನೋಡಿ, ಮಗುವನ್ನು ನೋಡಿದ ಹಾಗೆ ನಕ್ಕರು.

ಉಳಿದದ್ದು ಬಾತ್ಮಿ ಹಾಳೆ. ಒಂದೇ ಪುಟದ ಜೆರಾಕ್ಸ್. ಸಾಮಾನ್ಯವಾಗಿ ಇಂಥ ಹಾಳೆಯಲ್ಲಿ ಹೆಸರು ಇರುವುದೇ ಇಲ್ಲ. ಅನುಭವ ಇರುವವರು 'ಬಾತ್ಮೀದಾರರು' ಎಂದಷ್ಟೇ ಬರೆಯುತ್ತಾರೆ. ಇದನ್ನು ಬರೆದವರು ಹೊಸಬರಿರಬೇಕು. ಎರಡನೇ ಸಾಲಿನಲ್ಲಿ ಸುಮಾರು ಮೂರು ಇಂಚು ಉದ್ದಕ್ಕೆ ಕಪ್ಪು ಸ್ಕೆಚ್ ಪೆನ್ನಿನಿಂದ ಗೆರೆ ಎಳೆದಿದ್ದರು.

ರಾತ್ರಿ ಆಫೀಸಿನಲ್ಲಿ ಒಬ್ಬನೇ ಕೂತು ಆ ಹಾಳೆಯ ಮೇಲೆ ಟಿಪ್ಪಣಿ ಮಾಡುತ್ತಿದ್ದೆ. ಹಾಳೆಯನ್ನು ಎತ್ತಿ ತಿರುವಿದೆ. ತಲೆಯ ಮೇಲೆ ಟ್ಯೂಬ್‌ಲೈಟ್. ಜೆರಾಕ್ಸ್ ಆದ ಮೇಲೆ ಅದರ ಮೇಲೆಯೇ ನೇರವಾಗಿ ಗೆರೆ ಎಳೆದಿದ್ದರು. ಗೆರೆ ಎಳೆದ ಹಾಳೆಯನ್ನು ಇನ್ನೊಮ್ಮೆ ಜೆರಾಕ್ಸ್ ಮಾಡಿಸಿ ಆ ನಕಲನ್ನು ಕೊಡಬೇಕಿತ್ತು. ಮಾಡಿಸಿರಲಿಲ್ಲ. ಸ್ಕೆಚ್ ಪೆನ್ನಿನ ಮಸಿ ತಿಳಿಯಾದ ಕಪ್ಪು, ಜೆರಾಕ್ಸಿನ ಅಕ್ಷರ ಗಾಢ ಕಪ್ಪು. ಬೆಳಕಿಗೆ ಹಿಡಿದರೆ ನದಿಯ ತಳದ ಕಲ್ಲುಗಳ ಹಾಗೆ ಅಕ್ಷರಗಳು ಒಂದೊಂದೇ ಎದ್ದು ಕಂಡವು. ಹೆಸರು, ಅದರ ಮುಂದೆ ಮೊಬೈಲ್ ನಂಬರಿನ ಕೆಲವು ಅಂಕಿಗಳು.

ಓದಬಾರದು ಅಂತ ಮನಸ್ಸು ಹೇಳುವ ಹೊತ್ತಿಗೆ ಕಣ್ಣು ಓದಿ ಮುಗಿಸಿತ್ತು.

ಆ ಹೆಸರು ಜೊತೆಗಾರನದ್ದೋ, ಬೇರೆಯವರದ್ದೋ, ಗಂಡಸೋ ಹೆಂಗಸೋ, ಇಲ್ಲಿ ಬರೆಯುವುದಿಲ್ಲ. ಹೌದು ಅಂದರೂ ತಪ್ಪು, ಅಲ್ಲ ಅಂದರೂ ತಪ್ಪು. ಒಬ್ಬರನ್ನು ಪಟ್ಟಿಯಿಂದ ತೆಗೆದರೆ ಉಳಿದವರು ಕಮ್ಮಿಯಾಗುತ್ತಾರೆ. ಅಷ್ಟು ಚಿಕ್ಕ ಬೀದಿಯಲ್ಲಿ ನಾಲ್ಕು ಜನರನ್ನು 'ಇವರಲ್ಲ' ಅಂದುಬಿಟ್ಟರೆ ಐದನೆಯವರ ಮನೆ ಬಾಗಿಲಿಗೆ ಗುರುತು ಹಾಕಿದ ಹಾಗೆ. ಪಿಎಸ್ಐ ಕಟಕಟೆಯಲ್ಲಿ ಯಾಕೆ ಹಾಗೆ ಹೇಳಿದರು ಅಂತ ಅವತ್ತು ಅರ್ಥವಾಯಿತು.

ರಾತ್ರಿಯೇ ಸೀನಿಯರ್‌ಗೆ ಫೋನ್ ಮಾಡಿದೆ. ಹೆಸರು ಹೇಳಲು ಬಾಯಿ ತೆರೆದಿದ್ದೆ. "ನನಗೆ ಹೇಳಬೇಡ" ಎಂದರು. ಆಮೇಲೆ ಬಹಳ ಹೊತ್ತು ಸುಮ್ಮನಿದ್ದರು. "ಆ ಹೆಸರಿಲ್ಲದೆ ಈ ಕೇಸು ನಡೆಸಬಹುದಾ?"

412ಎ ನೆನಪಾಯಿತು. "ನಡೆಸಬಹುದು" ಎಂದೆ.

"ಆದರೂ ಬೇಕಾ ಬೇಡವಾ ಅನ್ನೋದನ್ನ ನೀನೊಬ್ಬನೇ ಕೂತು ತೀರ್ಮಾನ ಮಾಡಬೇಡ. ನೀನು ಆರೋಪಿ ಕಡೆಯವನು. ಅದನ್ನ ಮಾಡಬೇಕಾದವರು ನ್ಯಾಯಾಧೀಶರು."

ಬೆಳಿಗ್ಗೆ ಸರ್ಕಾರಿ ವಕೀಲರಿಗೆ ವಿಷಯ ತಿಳಿಸಿದೆವು. ಅವರ ಮುಖ ಬಿಳುಚಿತು. ಮೂವರೂ ಸೇರಿ ಚೇಂಬರಿಗೆ ಹೋದೆವು. ನ್ಯಾಯಾಧೀಶರು ಹಾಳೆಯನ್ನು ಕಿಟಕಿಯ ಕಡೆ ಹಿಡಿದು ನೋಡಿದರು. ನಾವು ಬರೆದು ತಂದಿದ್ದ ಅರ್ಜಿಯಲ್ಲಿ ಕೇಳಿದ್ದು ಒಂದೇ: ಈ ಹೆಸರಿನ ವ್ಯಕ್ತಿ ಸುಮ್ಮನೆ ಸುದ್ದಿ ಕೊಟ್ಟವರೋ, ಚೀಲಕ್ಕೂ ಸಂಬಂಧ ಇರುವವರೋ, ಪೊಲೀಸ್ ದಾಖಲೆ ತರಿಸಿ ನ್ಯಾಯಾಲಯವೇ ನೋಡಬೇಕು. ಕೇಸ್ ಡೈರಿ ತರಿಸಿದರು. ನೋಡಿದರು. ಹೆಸರು ಬಹಿರಂಗಪಡಿಸುವ ಅಗತ್ಯ ಈ ಹಂತದಲ್ಲಿ ಕಾಣುವುದಿಲ್ಲ ಎಂದು ಎರಡು ಸಾಲು ಬರೆಸಿ, ಹಾಳೆಯನ್ನು ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತಿಸಿದರು. ನಮಗೆ ಹೊಸ ನಕಲು ಬಂತು. ಈ ಸಲ ಗೆರೆಯ ಕೆಳಗೆ ಏನೂ ಕಾಣಲಿಲ್ಲ. ನನ್ನ ತಲೆಯೊಳಗಿನ ನಕಲಿಗೆ ಮಾತ್ರ ಯಾರೂ ಮಸಿ ಬಳಿಯಲಿಲ್ಲ.

ಇದನ್ನು ಕಕ್ಷಿದಾರನಿಂದ ಮುಚ್ಚಿಡುವುದು ಸರಿ ಅನ್ನಿಸಲಿಲ್ಲ. ಜೈಲಿಗೆ ಹೋಗಿ ಹೇಳಿದೆ: ಒಂದು ಕಾಗದದಲ್ಲಿ ಮರೆಮಾಡಿದ ಹೆಸರು ಕಾಣುತ್ತಿತ್ತು, ಅದನ್ನು ಕೋರ್ಟಿಗೆ ಒಪ್ಪಿಸಿದ್ದೇವೆ, ನ್ಯಾಯಾಧೀಶರು ನೋಡಿ ಹೀಗೆ ಬರೆಸಿದ್ದಾರೆ.

ಅವನು ಎರಡು ನಿಮಿಷ ಮಾತಾಡಲಿಲ್ಲ. ಜಾಲರಿಯ ಆಚೆಯಿಂದ ನನ್ನನ್ನೇ ನೋಡುತ್ತಿದ್ದ. "ನಿಮಗೆ ಗೊತ್ತಿದೆ. ನನಗೆ ಹೇಳಲ್ಲ. ನೀವು ಯಾರ ಲಾಯರ್ರು ಸಾರ್?"

ನಾನು ಅಪವಾದದ ಬಗ್ಗೆ, 125ರ ಬಗ್ಗೆ ಏನೇನೋ ಹೇಳಿದೆ. ಎಲ್ಲ ಸರಿಯಾದ ಮಾತೇ. ಒಂದೂ ಅವನನ್ನು ಮುಟ್ಟಲಿಲ್ಲ. ವಕೀಲರನ್ನು ಬದಲಿಸುತ್ತೇನೆ ಎಂದ. ಬದಲಿಸಲಿಲ್ಲ. ದುಡ್ಡಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಪಿಎಸ್ಐ ಅವರನ್ನು ಮತ್ತೆ ಕರೆಸಿದೆವು. ಈ ಸಲ ಸೀನಿಯರ್ ನನಗೇ ಬಿಟ್ಟರು. ಬಾತ್ಮೀದಾರ ಅನ್ನುವ ಪದವನ್ನೇ ಬಾಯಿಗೆ ತರಲಿಲ್ಲ. 4.30ಕ್ಕೆ ಎಲ್ಲಿದ್ದಿರಿ? ಠಾಣೆಯಲ್ಲಿ. ಫೋನು? ನನ್ನ ಬಳಿಯೇ. ಯಾರಿಗಾದರೂ ಕೊಟ್ಟಿದ್ದಿರಾ? ಇಲ್ಲ. ಹಾಳೆಯಲ್ಲಿರುವ ಕೈಬರಹ ನಿಮ್ಮದಾ? ಅಲ್ಲ, ರೈಟರ್‌ದು. ಸೂರ್ಯ ಮುಳುಗಿದ ಮೇಲೆ ಒಳಗೆ ಹೋಗಲು ಕಾರಣ ಬರೆದಿಟ್ಟ ಕಾಗದ ಯಾವುದು? ಪ್ರತ್ಯೇಕ ಕಾಗದ ಇಲ್ಲ. 412ಎ ಅನ್ನು ಯಾರ ಕೈಲಿ ಕಳಿಸಿದಿರಿ? ನೆನಪಿಲ್ಲ. 412ಎ ಅನ್ನು ಆಮೇಲೆ ಸೇರಿಸಲಾಗಿದೆ ಎಂದರೆ ಸರಿಯೇ? "ಸರಿಯಲ್ಲ." ಹಾಗೆಂದು ಹೇಳುವಾಗ ಅವರು ಕಟಕಟೆಯ ಮರದ ಪಟ್ಟಿಯ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಿದ್ದರು. ಸರ್ಕಾರಿ ವಕೀಲರು ಒಮ್ಮೆಯೂ ಏಳಲಿಲ್ಲ. ಏಳಲು ಕಾರಣವೇ ಇರಲಿಲ್ಲ, ನಾನು ಬೇಲಿಯ ಹತ್ತಿರವೂ ಹೋಗಿರಲಿಲ್ಲ.

ತೀರ್ಪು ಬರಲು ಇನ್ನೂ ಐದು ತಿಂಗಳು ಹಿಡಿಯಿತು. 42ನೇ ಕಲಂ ಪಾಲನೆಯಾಗಿಲ್ಲ, ಕಾರಣವನ್ನೂ ಕೊಟ್ಟಿಲ್ಲ ಎಂದು ಖುಲಾಸೆ. ಚೀಲ ಯಾರದ್ದು ಅಂತ ತೀರ್ಪಿನಲ್ಲಿ ಎಲ್ಲೂ ಇಲ್ಲ. ಅಷ್ಟು ಹೊತ್ತಿಗೆ ಅವನು ಒಳಗಿದ್ದು ಎರಡೂವರೆ ವರ್ಷ.

ಬಿಡುಗಡೆಯಾದ ಮೂರನೇ ದಿನ ಕಕ್ಷಿದಾರ ಕೋರ್ಟಿನ ಮೊಗಸಾಲೆಗೆ ಬಂದ. ಕಾಲು ಮುಟ್ಟಲು ಬಗ್ಗಿದ, ತಡೆದೆ. ನೆಟ್ಟಗೆ ನಿಂತವನೇ, "ಅವನೇ ಅಲ್ವಾ ಸಾರ್?" ಎಂದ. ಅವನು ನೋಡುತ್ತಿದ್ದದ್ದು ನನ್ನ ಬಾಯಿಯನ್ನಲ್ಲ, ಕಣ್ಣನ್ನು. ನಾನು ಫೈಲಿನ ದಾರ ಬಿಚ್ಚಿ ಮತ್ತೆ ಕಟ್ಟಿದೆ. ನನ್ನ ಕೇಸು ಕರೆಯುತ್ತಿದ್ದಾರೆ ಅಂತ ಹೇಳಿ ಒಳಗೆ ಹೋದೆ. ಯಾರೂ ಕರೆದಿರಲಿಲ್ಲ.

ಒಂದು ತಿಂಗಳಾದ ಮೇಲೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಜೊತೆಗಾರ. ಬೇರೆ ಊರಿನಲ್ಲಿದ್ದಾನಂತೆ. ಅವನು ಊರಿಗೆ ಬರುವಂತಿಲ್ಲ, ಬಂದರೆ ಬಿಡಲ್ಲ ಅಂತ ಹೇಳಿ ಕಳಿಸಿದ್ದಾರಂತೆ. "ನಾನಲ್ಲ ಅಂತ ಅವನಿಗೆ ಒಂದು ಮಾತು ಹೇಳಿ ಸಾರ್. ನಿಮಗೆ ಹೆಸರು ಗೊತ್ತಿದೆ ಅಂತ ಅವನೇ ಹೇಳಿಕೊಂಡು ತಿರುಗ್ತಿದ್ದಾನೆ. ನೀವು ಹೇಳಿದರೆ ನಂಬ್ತಾನೆ."

ಬೆದರಿಕೆ ಬಂದಿದ್ದರೆ ಠಾಣೆಗೆ ಹೋಗಿ ದೂರು ಕೊಡು ಎಂದೆ.

"ಠಾಣೆಗೆ ಹೋದರೆ ಇನ್ನೂ ನಾನೇ ಅಂತ ಆಗಲ್ವಾ ಸಾರ್?"

ನಾನು ಸುಮ್ಮನಿದ್ದೆ.

"ಹೌದು ಅಂತನೂ ಹೇಳಲ್ಲ, ಅಲ್ಲ ಅಂತನೂ ಹೇಳಲ್ಲ. ಹಂಗಾದ್ರೆ ನಾನೇನು ಮಾಡ್ಲಿ?"

ನನಗೇನೂ ಗೊತ್ತಿಲ್ಲಪ್ಪ, ಎಂದೆ. ಅವನು ಇನ್ನೂ ಸ್ವಲ್ಪ ಹೊತ್ತು ಲೈನಿನಲ್ಲೇ ಇದ್ದ. ಹಿಂದೆ ಬಸ್ಸಿನ ಸದ್ದು ಕೇಳುತ್ತಿತ್ತು. ಆಮೇಲೆ ಇಟ್ಟ.